ಮರುಕೂಗು

"ಗುರುಗಳೇ, ಸುಳ್ಳು ಕಣ್ಣೆದುರೇ ಓಡಾಡುತ್ತಿರುವಾಗ ಉತ್ತರ ಕೊಡದೆ ಇರುವುದು ಸರಿಯೇ?" ಎಂದು ಮಹಾರುದ್ರ ಕೇಳಿದ.

ಗುರುಗಳು ಶಿಷ್ಯನ ಮುಖ ನೋಡಿದರು. ನಿದ್ದೆಗೆಟ್ಟ ಕಣ್ಣು. ಕೈಯಲ್ಲಿದ್ದ ಫೋನು ಗುಂಯ್ ಎನ್ನುತ್ತಲೇ ಇತ್ತು.

"ಯಾರ ಸುಳ್ಳು?"

"ಒಬ್ಬನಿದ್ದಾನೆ. ಅವನ ಊರು ಗೊತ್ತಿಲ್ಲ, ಮುಖ ನೋಡಿಲ್ಲ. ಬೆಳಗಾದರೆ ಸರ್ಕಾರದ್ದೊಂದು ಸುದ್ದಿ ಹಾಕುತ್ತಾನೆ. ನಾನು ಉತ್ತರ ಬರೆಯುತ್ತೇನೆ. ಅದಕ್ಕೆ ಅವನು ಇನ್ನೊಂದು ಬರೆಯುತ್ತಾನೆ. ನೋಡುವವರು ನೂರಾರು ಜನ. ಬಿಟ್ಟರೆ ಸೋತ ಎನ್ನುತ್ತಾರೆ. ಹಿಡಿದರೆ ಊಟ ಸೇರುವುದಿಲ್ಲ. ಅವನ ಬಾಯಿ ಮುಚ್ಚಿಸುವ ದಾರಿ ಏನಾದರೂ ಇದೆಯೇ?"

"ಇದೆ," ಎಂದರು ಗುರುಗಳು. "ಹಿಂದೆ ಒಬ್ಬ ಕುಂಬಾರ ಹಾಗೆ ಮುಚ್ಚಿಸಿದ್ದ. ಫೋನು ಆಚೆ ಇಡು, ಹೇಳುತ್ತೇನೆ."

ಮಹಾರುದ್ರ ಫೋನನ್ನು ಮಗುಚಿ ಇಟ್ಟು ಮುಂದಕ್ಕೆ ಸರಿದು ಕೂತ. ಗುರುಗಳು ಹೇಳತೊಡಗಿದರು.

ಒಂದು ಹೊಳೆ. ಈಚೆ ದಡದಲ್ಲಿ ಒಂದು ಊರು, ಆಚೆ ದಡದಲ್ಲಿ ಒಂದು ಊರು. ಬೇಸಿಗೆಯಲ್ಲಿ ಜನ ಹೊಳೆಯನ್ನು ನಡೆದೇ ದಾಟುತ್ತಿದ್ದರು. ಹೆಣ್ಣು ಕೊಡುವುದು, ತರುವುದು, ಎತ್ತು ಕೇಳುವುದು, ಬೀಜ ಕೊಡುವುದು ಎಲ್ಲ ನಡೆಯುತ್ತಿತ್ತು. ಮಳೆಗಾಲದಲ್ಲಿ ಹೊಳೆ ಏರಿತೆಂದರೆ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕುತ್ತಿದ್ದರು. ಆಮೇಲೆ ನೀರಿಳಿಯುವ ತನಕ ಆ ಎರಡು ಊರುಗಳ ನಡುವೆ ಓಡಾಡುತ್ತಿದ್ದದ್ದು ಕೂಗು ಒಂದೇ.

ಹೊಳೆ ಕಿರಿದಾಗುವ ಜಾಗದಲ್ಲಿ ಎರಡೂ ದಡಕ್ಕೆ ಒಂದೊಂದು ಕಲ್ಲುಕಟ್ಟೆ ಇತ್ತು. ಕೂಗುಕಟ್ಟೆ ಎಂದು ಅದರ ಹೆಸರು. ಸಾವಾಗಲಿ, ಹೆರಿಗೆಯಾಗಲಿ, ತಪ್ಪಿಸಿಕೊಂಡ ದನವಾಗಲಿ, ಕಟ್ಟೆಯ ಮೇಲೆ ನಿಂತು ಆಚೆಗೆ ಕೂಗಬೇಕು. ಆದರೆ ನೀರಿನ ಮೊರೆತದಲ್ಲಿ ಮಾತು ಅರ್ಧ ತಲುಪಿದರೆ ಅರ್ಧ ಹೊಳೆಯ ಪಾಲಾಗುತ್ತಿತ್ತು. ಅದಕ್ಕೆ ಹಿಂದಿನವರು ಒಂದು ಪದ್ಧತಿ ಮಾಡಿದ್ದರು. ಆಚೆಯವನು ಕೂಗಿದ್ದನ್ನು ಈಚೆಯವನು ಮೊದಲು ತಿರುಗಿ ಕೂಗಬೇಕು. ಅದು ಮರುಕೂಗು. ಅದನ್ನು ಕೇಳಿಸಿಕೊಂಡು ಆಚೆಯವನು 'ಅಷ್ಟೇ' ಎನ್ನಬೇಕು. ತಪ್ಪಿದ್ದರೆ 'ಅಲ್ಲ' ಎಂದು ಮತ್ತೆ ಕೂಗಬೇಕು. 'ಅಷ್ಟೇ' ಬಂದ ಮೇಲೆಯೇ ಈಚೆಯವನು ತನ್ನ ಮಾತು ತೆಗೆಯಬಹುದು. ಇನ್ನೊಂದು ಕಟ್ಟುಪಾಡೂ ಇತ್ತು. ತನ್ನ ಮಾತಿಗೆ ಮರುಕೂಗು ಬಂತೆಂದರೆ, ಉಣ್ಣುತ್ತಿದ್ದವನೂ ಎದ್ದು ಬಂದು ಉತ್ತರ ಕೊಡಬೇಕು. ನಿಧಾನದ ಕೆಲಸ. ಆದರೆ ಕೆಲಸ ಆಗುತ್ತಿತ್ತು.

ಈಚೆ ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನಿಗೆ ಒಬ್ಬಳೇ ಮಗಳು. ಅವಳನ್ನು ಆಚೆ ಊರಿಗೆ ಕೊಟ್ಟಿದ್ದ. ಆ ವರ್ಷ ಅವಳು ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಕರೆತರಬೇಕು. ಒಳ್ಳೆಯ ದಿನ ಬರಲಿ ಎಂದು ಕಾದರು. ಒಳ್ಳೆಯ ದಿನಕ್ಕಿಂತ ಮುಂಚೆ ಹೊಳೆ ಬಂತು. ಮಗಳು ಆಚೆಯೇ ಉಳಿದಳು.

ಕುಂಬಾರನ ಹೆಂಡತಿ ಒಲೆ ಹಚ್ಚದೆ ಕೂತಳು. ಮಳೆಗಾಲದಲ್ಲಿ ಹಸಿ ಮಡಕೆ ಒಣಗುವುದಿಲ್ಲ, ಮಡಕೆ ಸುಡುವ ಆವಿಗೆ ಹತ್ತುವುದಿಲ್ಲ. ಕುಂಬಾರನಿಗೆ ಹೇಗೂ ಕೆಲಸವಿರಲಿಲ್ಲ. "ಈ ವರ್ಷ ಕೂಗುಕಟ್ಟೆಯನ್ನು ನಾನೇ ಹಿಡಿಯುತ್ತೇನೆ. ಮಗಳ ಸುದ್ದಿ ಆ ದಡ ಬಿಟ್ಟ ಗಳಿಗೆಗೆ ನಿನ್ನ ಕಿವಿಯಲ್ಲಿರುತ್ತದೆ," ಎಂದು ಅವಳಿಗೆ ಮಾತು ಕೊಟ್ಟ. ಊರಿನವರೂ ಒಪ್ಪಿದರು. ಅವನದು ಕಂಚಿನ ಗಂಟಲು.

ಆಚೆ ಕಟ್ಟೆಯನ್ನು ಆ ವರ್ಷ ಹಿಡಿದವನು ಒಬ್ಬ ಎಣ್ಣೆ ವ್ಯಾಪಾರಿ. ಹೊಸದಾಗಿ ಆ ಊರಿಗೆ ಬಂದು ನೆಲೆಸಿದವನು. ಕುಂಬಾರನಿಗೆ ಅವನು ದೂರದ ಒಂದು ಆಕಾರ, ಒಂದು ದೊಡ್ಡ ದನಿ, ಅಷ್ಟೇ.

ಮೊದಮೊದಲು ಎಲ್ಲ ಸರಿಯಾಗಿ ನಡೆಯಿತು. ಯಾರದೋ ಜ್ವರ ಬಿಟ್ಟ ಸುದ್ದಿ ಬಂತು, ಯಾರದೋ ಎಮ್ಮೆ ಸಿಕ್ಕಿದ ಸುದ್ದಿ ಹೋಯಿತು. ಮಗಳು ಚೆನ್ನಾಗಿದ್ದಾಳೆ ಎಂದು ವ್ಯಾಪಾರಿ ಕೂಗಿದ. ಕುಂಬಾರ ಮರುಕೂಗಿದ. ಅವನ ಹೆಂಡತಿ ಒಲೆ ಹಚ್ಚಿದಳು.

ಅಷ್ಟರಲ್ಲಿ ರಾಜಧಾನಿಯಲ್ಲಿ ರಾಜ ಹಳೆಯ ಮಂತ್ರಿಯನ್ನು ತೆಗೆದು ಹೊಸಬನನ್ನು ಕೂರಿಸಿದ. ಈ ಸುದ್ದಿ ಈಚೆ ಊರಿಗೆ ಒಬ್ಬ ಉಪ್ಪು ಮಾರುವವನ ಬಾಯಲ್ಲಿ ಬಂತು. ಹಳೆಯವನು ದೇವರಂಥ ಮನುಷ್ಯ, ಹೊಸಬ ನಾಡು ನುಂಗುತ್ತಾನೆ ಎಂದು ಅವನು ಹೇಳಿ ಹೋದ. ಆಚೆ ಊರಿಗೆ ಅದೇ ಸುದ್ದಿ ಒಬ್ಬ ಕಂಬಳಿ ಮಾರುವವನ ಬಾಯಲ್ಲಿ ಬಂತು. ಹಳೆಯವನು ಕಳ್ಳ, ಹೊಸಬ ನಾಡನ್ನು ಎತ್ತುತ್ತಾನೆ ಎಂದು ಇವನು ಹೇಳಿ ಹೋದ. ಆ ಮಂತ್ರಿಗಳಿಬ್ಬರನ್ನೂ ಎರಡು ಊರುಗಳಲ್ಲಿ ಯಾರೂ ಕಂಡವರಿರಲಿಲ್ಲ.

ಮಳೆ ಬಿಟ್ಟ ಒಂದು ಬೆಳಿಗ್ಗೆ ವ್ಯಾಪಾರಿ ಉತ್ಸಾಹದಿಂದ ಕೂಗಿದ. "ಹಳೆಯ ಕಳ್ಳ ಹೋದ! ನಾಡು ಬದುಕಿತು!"

ಕುಂಬಾರನ ಬೆನ್ನಿಗೆ ಊರಿನ ಹತ್ತಾರು ಜನ ಕೂತಿದ್ದರು. ಪದ್ಧತಿಯಂತೆ ಅವನು ಮರುಕೂಗಿದ. "ಹಳೆಯ ಕಳ್ಳ ಹೋದ, ನಾಡು ಬದುಕಿತು!"

ಬೇವಿನ ಎಲೆ ಅಗಿದಂತಾಯಿತು. ಹಿಂದಿನಿಂದ ಒಬ್ಬ, "ಏನಣ್ಣ, ಬೀಗರ ಊರು ಎಂದು ಈಗಲೇ ಅವರ ಪಾಠ ಒಪ್ಪಿಸುತ್ತಿದ್ದೀಯಾ?" ಎಂದ. ಎಲ್ಲರೂ ನಕ್ಕರು. ಕುಂಬಾರನ ಕಿವಿ ಬಿಸಿಯಾಯಿತು. ತಾನು ಹೇಳಿದ್ದು ತನ್ನ ಮಾತಲ್ಲ, ಕೇಳಿಸಿಕೊಂಡೆ ಎನ್ನುವುದಕ್ಕೆ ಗುರುತು ಅಷ್ಟೇ ಎಂದು ಅವರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಬಿಸಿಯಾಯಿತು.

ಮಾರನೆಯ ದಿನ ವ್ಯಾಪಾರಿ ಮತ್ತೆ ಮಂತ್ರಿಯ ಮಾತು ತೆಗೆದ. ಕುಂಬಾರ ಮರುಕೂಗು ಕೊಡಲಿಲ್ಲ. ನೇರವಾಗಿ ಉತ್ತರವನ್ನೇ ಕೊಟ್ಟ. "ಕಳ್ಳ ನಿನ್ನ ಹೊಸಬ! ನಾಡು ನುಂಗಲು ಬಂದವನು!"

ಆಚೆಯಿಂದ, "ಮರುಕೂಗು! ಮರುಕೂಗು ಕೊಡು!" ಎಂದು ಕೇಳಿಬಂತು.

"ಕೊಡಬೇಡ!" ಎಂದು ಹಿಂದಿನವರು ಕೂಗಿದರು.

ಅವನು ಕೊಡಲಿಲ್ಲ. ಕೆಲವು ದಿನ ಕೇಳಿ ಕೇಳಿ ವ್ಯಾಪಾರಿಯೂ ಬಿಟ್ಟ. ಅಲ್ಲಿಂದ ಮುಂದೆ ಈ ದಡದಿಂದ ಒಂದು ಕೂಗು ಹೊರಟರೆ ಅದು ಹೊಳೆಯ ನಡುವೆ ಇರುವಾಗಲೇ ಆ ದಡದಿಂದ ಇನ್ನೊಂದು ಹೊರಡುತ್ತಿತ್ತು.

ಜನಕ್ಕೆ ಇದು ಹಿಡಿಸಿತು. ಮಳೆಗಾಲದಲ್ಲಿ ಬೇರೇನು ಕೆಲಸ? ಬೆಳಗಾಗುತ್ತಲೇ ಗೋಣಿ ಹೊದ್ದು ಬಂದು ಕಟ್ಟೆಯ ಸುತ್ತ ಕೂರುತ್ತಿದ್ದರು. ಒಳ್ಳೆಯ ಬೈಗುಳ ಬಿದ್ದರೆ ತೊಡೆ ತಟ್ಟುತ್ತಿದ್ದರು. ಕುಂಬಾರನ ಗಂಟಲಿಗೆಂದು ಮನೆಮನೆಯಿಂದ ಶುಂಠಿ ಕಷಾಯ ಬರುತ್ತಿತ್ತು. ದಾರಿಯಲ್ಲಿ ಹೋದರೆ, "ನಿನ್ನೆ ಚೆನ್ನಾಗಿ ಕೊಟ್ಟೆ," ಎಂದು ಭುಜ ತಟ್ಟುತ್ತಿದ್ದರು. ಇಷ್ಟು ವರ್ಷ ಅವನು ಮಾಡಿದ ಯಾವ ಮಡಕೆಗೂ ಯಾರೂ ಹಾಗೆ ಭುಜ ತಟ್ಟಿರಲಿಲ್ಲ.

ಉಣ್ಣುವಾಗಲೂ ಅವನ ತುಟಿ ಅಲುಗುತ್ತಿತ್ತು. ನಾಳೆಯ ಮಾತು ಅಲ್ಲಿ ತಯಾರಾಗುತ್ತಿತ್ತು.

"ಮಗಳ ಸುದ್ದಿ?" ಎಂದು ಹೆಂಡತಿ ಕೇಳುತ್ತಿದ್ದಳು.

"ಇದ್ದರೆ ಕೂಗುತ್ತಾರೆ. ಇವತ್ತು ಆ ಮಂತ್ರಿಯ ವಿಷಯದಲ್ಲಿ ಅವನಿಗೆ..."

"ಹೆರುವವಳು ಮಂತ್ರಿಯ ಹೆಂಡತಿಯೋ, ನಮ್ಮ ಮಗಳೋ?"

ಕುಂಬಾರ ಅನ್ನ ಕಲಸುತ್ತ, "ಊರಿನ ಮಾನದ ವಿಷಯ, ನಿನಗೆ ತಿಳಿಯುವುದಿಲ್ಲ," ಎನ್ನುತ್ತಿದ್ದ.

ಹೀಗೇ ನಡೆಯುತ್ತಿರಲು, ಒಂದು ಮಧ್ಯಾಹ್ನ ವ್ಯಾಪಾರಿ ಆಚೆ ಕಟ್ಟೆ ಹತ್ತಿ ಕೂಗಿದ. ಗಾಳಿ ಅಡ್ಡ ಬೀಸುತ್ತಿತ್ತು. ಈಚೆಯ ಜನ ಅವನನ್ನು ಕಂಡದ್ದೇ ಗದ್ದಲ ಎಬ್ಬಿಸಿದರು. ಕುಂಬಾರ ಎದೆ ತುಂಬ ಉಸಿರೆಳೆದುಕೊಂಡು, "ಸುಳ್ಳು!" ಎಂದ.

ವ್ಯಾಪಾರಿ ಮತ್ತೆ ಕೂಗಿದ.

"ಸುಳ್ಳು! ನೀನು ಹೇಳುವುದೆಲ್ಲ ಸುಳ್ಳು!"

ಅವನು ಇನ್ನೊಮ್ಮೆ ಕೂಗಿದ. ಈ ಸಲ ಕುಂಬಾರನ ಜೊತೆಗೆ ಇಡೀ ಗುಂಪು, "ಸುಳ್ಳು! ಸುಳ್ಳು!" ಎಂದು ಹಾಡಿನಂತೆ ಹೇಳಿತು. ವ್ಯಾಪಾರಿ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಕಟ್ಟೆ ಇಳಿದು ಹೊರಟುಹೋದ. ತಿರುಗಿ ಬರಲಿಲ್ಲ.

ಈಚೆ ದಡದಲ್ಲಿ ಜನ ಕುಂಬಾರನನ್ನು ಎತ್ತಿಕೊಂಡು ಕುಣಿದರು.

"ಗೆದ್ದನಲ್ಲ!" ಎಂದ ಮಹಾರುದ್ರ.

"ಹೌದು. ಅವನೂ ಹಾಗೆಯೇ ಅಂದುಕೊಂಡ," ಎಂದರು ಗುರುಗಳು. ಕತೆ ಮುಂದುವರಿಯಿತು.

ಕುಂಬಾರ ಸಂಜೆ ಮನೆಗೆ ಬಂದ. ಕಾಲು ತೊಳೆಯುವ ಮೊದಲೇ, "ಇವತ್ತು ಅವನ ಬಾಯಿ ಮುಚ್ಚಿಸಿಬಿಟ್ಟೆ!" ಎಂದ.

ಹೆಂಡತಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಅವನು ಏನು ಹೇಳಿದ?"

"ಅವನು..." ಎಂದು ಕುಂಬಾರ ಬಾಯಿ ತೆರೆದ. ಮುಂದಕ್ಕೆ ಏನೂ ಬರಲಿಲ್ಲ. ತಾನು ಹೇಳಿದ್ದು ಒಂದೊಂದು ಅಕ್ಷರವೂ ನೆನಪಿತ್ತು. ಆಚೆಯವನು ಹೇಳಿದ್ದರಲ್ಲಿ ಒಂದು ಪದವೂ ಇರಲಿಲ್ಲ. ಮಂತ್ರಿಯದೇ ಇರಬೇಕು ಎಂದು ಹೇಳಲು ಹೊರಟ. ಆಗ ವ್ಯಾಪಾರಿಯ ಆಕಾರ ಅವನ ಕಣ್ಣಿಗೆ ಕಟ್ಟಿತು.

ಪ್ರತಿದಿನ ವ್ಯಾಪಾರಿಯ ಬೆನ್ನ ಹಿಂದೆ ಅವನ ಊರಿನ ಗುಂಪು ಇರುತ್ತಿತ್ತು. ಇವತ್ತು ಇರಲಿಲ್ಲ. ಪ್ರತಿದಿನ ಅವನು ಒಂದು ಕೈಯನ್ನು ಗಾಳಿಯಲ್ಲಿ ಬೀಸುತ್ತ ಕೂಗುತ್ತಿದ್ದ. ಇವತ್ತು ಎರಡೂ ಕೈಗಳನ್ನು ಬಾಯಿಗೆ ಒತ್ತಿ, ನಿಧಾನವಾಗಿ ಕೂಗಿದ್ದ. ಒಂದೊಂದು ಸಲ ಕೂಗಿದ ಮೇಲೂ ಕೈ ಇಳಿಸಿ, ತಲೆಯನ್ನು ವಾರೆ ಮಾಡಿ, ಕಾದಿದ್ದ.

ಯಾವುದಕ್ಕೆ ಕಾದಿದ್ದ? ಮರುಕೂಗಿಗೆ.

ಕುಂಬಾರ ಗೋಡೆ ಹಿಡಿದು ಕೂತ. ಮಗಳು ಹೆತ್ತಳೋ, ಮಗಳು ಹೋದಳೋ. ಎರಡರಲ್ಲಿ ಯಾವುದಾಗಿದ್ದರೂ ಅದಕ್ಕೆ ಅವನು ಕೊಟ್ಟ ಉತ್ತರ, ಸುಳ್ಳು.

ಅವನು ಹೇಳಬೇಕಾಗಿರಲಿಲ್ಲ. ಹೆಂಡತಿ ಅವನ ಮುಖದಲ್ಲೇ ಓದಿದಳು. ಇಬ್ಬರೂ ದಡಕ್ಕೆ ಓಡಿದರು. ಇನ್ನೂ ಬೆಳಕಿತ್ತು. ಕುಂಬಾರ ಮಗಳ ಹೆಸರು ಹಿಡಿದು ಕೂಗಿದ. ಆಚೆ ಕಟ್ಟೆ ಖಾಲಿ. ನೀರೇರಬಹುದೆಂದು ದೂರ ಕಟ್ಟಿದ್ದ ಒಂದು ಕರು ಅವನ ದನಿಗೆ ತಲೆ ಎತ್ತಿತು. ಮನುಷ್ಯರು ಯಾರೂ ಬರಲಿಲ್ಲ.

ಮರುದಿನವೂ ಕೂಗಿದ. ಅದರ ಮರುದಿನವೂ ಕೂಗಿದ. ದೂರದಲ್ಲಿ ಜನ ಓಡಾಡುವುದು ಕಾಣುತ್ತಿತ್ತು. ಯಾರೂ ಇತ್ತ ತಿರುಗುತ್ತಿರಲಿಲ್ಲ. ಈಚೆಯಿಂದ ಬರುವುದು ಬೈಗುಳವೇ ಎಂದು ಅವರಿಗೂ ರೂಢಿಯಾಗಿತ್ತು. ಯಾರೂ ಕಿವಿಗೊಡದಿದ್ದರೆ ಅವರ ತಪ್ಪಲ್ಲ ಎಂದು ಕುಂಬಾರನಿಗೆ ಅನ್ನಿಸಿತು.

"ಈಜುತ್ತೇನೆ," ಎಂದು ಅಂಗಿ ಬಿಚ್ಚಿದ.

ಹೆಂಡತಿ ಅವನ ರಟ್ಟೆ ಹಿಡಿದಳು. "ಅವಳು ಇದ್ದಾಳೋ ಇಲ್ಲವೋ ಗೊತ್ತಿಲ್ಲ. ನೀನು ಈ ನೀರಿಗೆ ಇಳಿದರೆ ಇರುವುದಿಲ್ಲ ಎನ್ನುವುದು ಗೊತ್ತು. ಬಾಯಿಂದ ಕೆಡಿಸಿದ್ದೀಯ, ಬಾಯಿಂದಲೇ ಸರಿಮಾಡು."

ಕುಂಬಾರ ಕಟ್ಟೆಯ ಮೇಲೆ ಕುಕ್ಕರಿಸಿ ಬಹಳ ಹೊತ್ತು ಯೋಚಿಸಿದ. ಹೊಸ ಮಾತಿಗೆ ಆಚೆಯವರು ಬರಬೇಕೆಂದಿಲ್ಲ. ಮರುಕೂಗಿಗೆ ಬರಲೇಬೇಕು. ಆದರೆ ಮರುಕೂಗಲು ಅವನ ಹತ್ತಿರ ಏನಿತ್ತು? ಕೊನೆಯ ಮಾತನ್ನು ಅವನು ಕೇಳಿಸಿಕೊಂಡೇ ಇರಲಿಲ್ಲ. ಅದಕ್ಕೂ ಹಿಂದಿನವು? ಅವನು ಒಂದೊಂದನ್ನೇ ಕೆದಕಿ ತೆಗೆದ. ಜಗಳದ ಆರಂಭದಲ್ಲಿ ಕೇಳಿಸಿಕೊಂಡು ಉಗುಳಿಬಿಟ್ಟಿದ್ದ ಕೆಲವು ಮಾತುಗಳು ಸಿಕ್ಕಿದವು.

ಕುಂಬಾರ ಎದ್ದು ನಿಂತ. ಎರಡೂ ಕೈಗಳನ್ನು ಬಾಯಿಗೆ ಒತ್ತಿದ.

"ನೀನು ಹೇಳಿದ್ದು! ಹೊಸ ಮಂತ್ರಿ ಒಳ್ಳೆಯವನು! ಕೆರೆ ಕಟ್ಟಿಸುತ್ತಾನೆ!"

ಹಿಂದೆ ಕೂತಿದ್ದ ಜನ ಬೆಚ್ಚಿದರು. "ಏನಾಯಿತು ಇವನಿಗೆ?" ಎಂದ ಒಬ್ಬ. "ಆ ವ್ಯಾಪಾರಿಯ ಎಣ್ಣೆ ಹಚ್ಚಿಕೊಂಡಿದ್ದಾನೆ," ಎಂದ ಇನ್ನೊಬ್ಬ. "ಇಳಿಯೋ ಕೆಳಗೆ! ನಮ್ಮ ಮಾನ ತೆಗೆಯಬೇಡ!" ಎಂದು ಮೊನ್ನೆ ಅವನನ್ನು ಎತ್ತಿಕೊಂಡು ಕುಣಿದವನೇ ಕಿರುಚಿದ.

ಕುಂಬಾರ ತಿರುಗಿ ನೋಡಲಿಲ್ಲ. "ನೀನು ಹೇಳಿದ್ದು! ಹಳೆಯವನು ನಿನ್ನ ಅಣ್ಣನ ಹೊಲ ಕಿತ್ತುಕೊಂಡ!"

ಇದನ್ನು ಕೂಗಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಆ ಮಾತು ಕಿವಿಯೊಳಗೆ ಇತ್ತು. ಆದರೆ ವ್ಯಾಪಾರಿಗೆ ಒಬ್ಬ ಅಣ್ಣ ಇದ್ದಾನೆ, ಅವನಿಗೊಂದು ಹೊಲ ಇತ್ತು ಎಂದು ಅವನಿಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ.

ಗಂಟಲು ಹರಿಯುವಂತಾಗಿತ್ತು. ಆದರೂ ಅದನ್ನೇ ಮತ್ತೆ ಕೂಗಿದ. ಕಷಾಯ ತಂದುಕೊಡುವವರು ಯಾರೂ ಇರಲಿಲ್ಲ. ಜನ ಬೈದುಕೊಳ್ಳುತ್ತ ಎದ್ದು ಹೋದರು. ಹೆಂಡತಿ ಒಬ್ಬಳು ಉಳಿದಳು.

ಬಿಸಿಲು ಇಳಿಯುವ ಹೊತ್ತಿಗೆ ಆಚೆ ದಡದಲ್ಲಿ ಒಂದು ಆಕಾರ ಕಾಣಿಸಿತು. ನಿಧಾನವಾಗಿ ಬಂತು. ಕಟ್ಟೆ ಹತ್ತಿತು. ಕುಂಬಾರ ಉಸಿರು ಹಿಡಿದು ನಿಂತ. ಆಮೇಲೆ ಆಚೆಯಿಂದ ಬಂತು.

"ಅಷ್ಟೇ!"

ಈಗ ಮಾತು ಕುಂಬಾರನದು. ಅವನಿಗೆ ದನಿ ಉಳಿದದ್ದು ಒಂದು ಪದಕ್ಕೆ ಸಾಕಾಗುವಷ್ಟು.

"ಮಗಳು?"

"ಮಗಳು?" ಎಂದು ವ್ಯಾಪಾರಿ ಮರುಕೂಗಿದ. ಕುಂಬಾರನಿಗೆ 'ಅಷ್ಟೇ' ಎನ್ನಲು ಆಗಲಿಲ್ಲ. ಕೈ ಎತ್ತಿ ತಲೆಯಾಡಿಸಿದ.

ವ್ಯಾಪಾರಿ ಎರಡೂ ಕೈಗಳನ್ನು ಬಾಯಿಗೆ ಒತ್ತಿದ. ಗಾಳಿ ನಿಂತಿತ್ತು. ಒಂದೊಂದೇ ಪದ ಹೊಳೆ ದಾಟಿ ಬಂತು.

"ಹೆರಿಗೆಯಾಗಿದೆ! ತಾಯಿ ಕ್ಷೇಮ! ಮಗು ಕ್ಷೇಮ!"

ಕುಂಬಾರ ಮರುಕೂಗಲು ಬಾಯಿ ತೆರೆದ. ಗಂಟಲಿನಿಂದ ಗಾಳಿ ಬಂತು, ದನಿ ಬರಲಿಲ್ಲ. ಎರಡನೆಯ ಸಲ ತೆರೆದ. ಅಳು ಬಂತು. ವ್ಯಾಪಾರಿ ತಲೆ ವಾರೆ ಮಾಡಿ ಕಾಯುತ್ತಿದ್ದ.

ಆಗ ಹೆಂಡತಿ ಸೆರಗು ಸಿಕ್ಕಿಸಿ ಕಟ್ಟೆ ಹತ್ತಿದಳು. ಅಲ್ಲಿಯ ತನಕ ಆ ಕಟ್ಟೆಯನ್ನು ಹೆಂಗಸರು ಹತ್ತಿದ್ದಿಲ್ಲ. "ಹೆರಿಗೆಯಾಗಿದೆ! ತಾಯಿ ಕ್ಷೇಮ! ಮಗು ಕ್ಷೇಮ!" ಎಂದು ಕೂಗಿದಳು. ಅವಳ ದನಿ ಗಂಡನ ದನಿಗಿಂತ ದೂರ ಹೋಯಿತು.

"ಅಷ್ಟೇ!" ಎಂದ ವ್ಯಾಪಾರಿ. ಸ್ವಲ್ಪ ತಡೆದು ಇನ್ನೊಂದು ಕೂಗಿದ. "ಮೊನ್ನೆ ಇದೇ ಮಾತಿಗೆ ನಿನ್ನ ಗಂಡ ಸುಳ್ಳು ಎಂದನಲ್ಲ ತಾಯೀ!"

ಅವಳು ಗಂಡನ ಕಡೆ ನೋಡಿದಳು. ಕುಂಬಾರ ಅಳುತ್ತಲೇ ನಗುತ್ತಿದ್ದ. ಪದ್ಧತಿ ಎಂದರೆ ಪದ್ಧತಿ. ಅವಳು ಹೊಳೆಯ ಕಡೆ ತಿರುಗಿ, "ಮೊನ್ನೆ ಇದೇ ಮಾತಿಗೆ ನನ್ನ ಗಂಡ ಸುಳ್ಳು ಎಂದ!" ಎಂದು ಊರಿಗೆಲ್ಲ ಕೇಳುವಂತೆ ಮರುಕೂಗಿದಳು.

"ಅಷ್ಟೇ! ಅಷ್ಟೇ!"

ಆ ನಗು ಯಾವ ದಡದಲ್ಲಿ ಮೊದಲಾಯಿತೋ ಗೊತ್ತಿಲ್ಲ. ಎರಡೂ ಕಡೆ ಕೇಳಿಸಿತು. ಬೈದು ಹೋಗಿದ್ದ ಜನ ಏನಾಯಿತು ಎಂದು ತಿರುಗಿ ಬಂದರು. ಸುದ್ದಿ ಕೇಳಿದ ಮೇಲೆ ಯಾರೋ ಒಬ್ಬ ಬೆಲ್ಲ ತರಲು ಓಡಿದ. ಕುಂಬಾರ ಕಟ್ಟೆಯ ಮೇಲೆಯೇ ಅಂಗಾತ ಮಲಗಿದ. ಎಷ್ಟೋ ದಿನಗಳ ಮೇಲೆ ಅವನ ತುಟಿ ಅಲುಗಾಡದೆ ಇತ್ತು.

ಮಂತ್ರಿಗಳ ಮಾತು ಅಲ್ಲಿಗೇ ನಿಲ್ಲಲಿಲ್ಲ. ಮಳೆಗಾಲ ಇನ್ನೂ ಉಳಿದಿತ್ತು. ಕುಂಬಾರ ತನ್ನ ಮಾತು ಬಿಡಲಿಲ್ಲ, ವ್ಯಾಪಾರಿಯೂ ಬಿಡಲಿಲ್ಲ. ಆದರೆ ಒಂದೊಂದು ಮಾತಿಗೂ ಮರುಕೂಗು, ಅದಕ್ಕೊಂದು 'ಅಷ್ಟೇ' ಅಥವಾ 'ಅಲ್ಲ'. ಬೆಳಗಿನಿಂದ ಸಂಜೆಯವರೆಗೆ ಕೂಗಿದರೂ ನಾಲ್ಕು ಮಾತು ಮುಗಿಯುತ್ತಿರಲಿಲ್ಲ. ನೋಡಲು ಬಂದವರಿಗೆ ಆಕಳಿಕೆ ಬಂತು. ಅವರು ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.

ನೀರಿಳಿದ ಮೊದಲ ದಿನ ಕುಂಬಾರ ಮತ್ತು ಅವನ ಹೆಂಡತಿ ಮೊಳಕಾಲುದ್ದದ ಹೊಳೆ ದಾಟಿ ಆಚೆ ಊರಿಗೆ ನಡೆದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಮಹಾರುದ್ರ ಹಿಡಿದುಕೊಂಡಿದ್ದ ಉಸಿರನ್ನು ಬಿಟ್ಟ. "ಸದ್ಯ," ಎಂದ. ಭುಜಗಳು ಕೆಳಗಿಳಿದವು. ಮುಂದಕ್ಕೆ ಬಾಗಿ ಕೇಳಿದ. "ಗುರುಗಳೇ, ಕೊನೆಗೆ ಆ ಇಬ್ಬರು ಮಂತ್ರಿಗಳಲ್ಲಿ ಕಳ್ಳ ಯಾರು ಎಂದು ತಿಳಿಯಿತೇ?"

ಗುರುಗಳು ನಸುನಕ್ಕರು.

"ಮಗು ಹೆಣ್ಣೋ ಗಂಡೋ ಎಂದು ಕೇಳುತ್ತೀಯ ಅಂದುಕೊಂಡಿದ್ದೆ."